ಪದ ಪರಿಚಯ: ಹಳೆಯ ಕಾಮಿಕ್ಸ್ ಪೇಟೆಯ ‘ಗ್ರೇಡ್’

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಎಲ್ಬೋ ಲೇಕ್ ಎಂಬ ಚಿಕ್ಕ ಊರಿದೆ. ಅಲ್ಲಿ ಕಟ್ಟಡ ಕೆಲಸ ಮಾಡುವ ಒಬ್ಬಾತ 10,100 ಡಾಲರಿಗೆ ಪಾಳು ಮನೆಯೊಂದನ್ನು ಕೊಂಡು ರಿಪೇರಿಗೆ ಇಳಿದಿದ್ದ. ಗೋಡೆ ಒಡೆದಾಗ, ಚಳಿ ತಡೆಯಲೆಂದು ಒಳಗೆ ತುರುಕಿದ್ದ ಹಳೆಯ ಪತ್ರಿಕೆಗಳ ನಡುವೆ ಒಂದು ಕಾಮಿಕ್ಸ್ ಸಿಕ್ಕಿತು. ಅದು 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ. ಸೂಪರ್‌ಮ್ಯಾನ್ ಮೊದಲ ಬಾರಿ ಕಾಣಿಸಿಕೊಂಡದ್ದು ಅದರಲ್ಲಿಯೇ. ಮನೆಮಂದಿಗೆಲ್ಲ ಸಂಭ್ರಮ. ಹೆಂಡತಿಯ ಕಡೆಯ ನೆಂಟರೊಬ್ಬರು ಆತುರದಿಂದ ಅದನ್ನು ಕೈಗೆತ್ತಿಕೊಂಡರು, ಈತ ಗಾಬರಿಯಿಂದ ಕಿತ್ತುಕೊಂಡ, ಹಿಂಬದಿಯ ರಟ್ಟು ಹರಿಯಿತು. 2013ರ ಹರಾಜಿನಲ್ಲಿ ಆ ಪ್ರತಿ 1,75,000 ಡಾಲರಿಗೆ ಹೋಯಿತು. ಆ ಎಳೆದಾಟದಿಂದ ಸುಮಾರು 75,000 ಡಾಲರ್ ಕೈಬಿಟ್ಟಿತೆಂದು ಬಲ್ಲವರು ಲೆಕ್ಕ ಹಾಕಿದರು.

ಹರಿದ ರಟ್ಟಿನ ಆ ಪ್ರತಿಗೆ ಸಿಕ್ಕಿದ್ದ ಗ್ರೇಡ್ 1.5. ಹಳೆಯ ಕಾಮಿಕ್ಸ್ ಕೊಳ್ಳುವವರ ಲೋಕದಲ್ಲಿ ಗ್ರೇಡ್ ಎಂದರೆ ಒಂದು ಪ್ರತಿ ಎಷ್ಟು ಸುಸ್ಥಿತಿಯಲ್ಲಿದೆ ಎಂದು ಹೇಳುವ ಅಂಕಿ. ಅದು 0.5ರಿಂದ 10.0ರವರೆಗೆ ಇರುತ್ತದೆ. ಕಥೆ ಚೆನ್ನಾಗಿದೆಯೇ, ಚಿತ್ರ ಬರೆದವರು ಯಾರು, ನಾಯಕ ಎಷ್ಟು ಹೆಸರುವಾಸಿ ಎಂಬ ಯಾವ ಪ್ರಶ್ನೆಗೂ ಇಲ್ಲಿ ಜಾಗವಿಲ್ಲ. ಕಾಗದ, ಶಾಯಿ, ಪಿನ್ನು, ಮಡಿಕೆ, ಅಂಚು, ಇಷ್ಟೇ. ಒಂದೇ ದಿನ ಒಂದೇ ಯಂತ್ರದಿಂದ ಹೊರಬಿದ್ದ ಎರಡು ಪ್ರತಿಗಳ ಪೈಕಿ ಒಂದು ಮನೆಯ ಬೆಲೆಗೆ, ಇನ್ನೊಂದು ಊಟದ ಬೆಲೆಗೆ ಮಾರಾಟವಾಗುವುದು ಈ ಅಂಕಿಯ ಮಹಿಮೆ.

ಮೊದಲು ಅಂಕಿಗಳಿರಲಿಲ್ಲ, ಮಾತುಗಳಿದ್ದವು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಹಳೆಯ ಕಾಮಿಕ್ಸ್‌ಗಳ ದರಪಟ್ಟಿಯನ್ನು ಪುಸ್ತಕವಾಗಿ ತಂದಾಗ ವ್ಯಾಪಾರಿಗಳಿಗೆ ಒಂದು ಸಾಮಾನ್ಯ ಅಳತೆ ಸಿಕ್ಕಿತು. ಆದರೆ ‘ಗುಡ್’, ‘ಫೈನ್’, ‘ಮಿಂಟ್’ ಎಂದು ತೀರ್ಮಾನಿಸುವವನು ಮಾರುವವನೇ ಆಗಿದ್ದ. ಆ ಮಾತುಗಳಂತೂ ಹೊಸಬರನ್ನು ದಾರಿತಪ್ಪಿಸುವಂಥವು. ಈಗಿನ ಅಂಕಿಯಲ್ಲಿ ‘ಗುಡ್’ ಎಂದರೆ ಬರೀ 2.0: ಸುಕ್ಕುಗಟ್ಟಿದ, ಅಂಚು ಸವೆದ, ಹೇಗೋ ಒಟ್ಟಿಗೆ ಹಿಡಿದುಕೊಂಡಿರುವ ಪುಸ್ತಕ. ‘ವೆರಿ ಗುಡ್’ಗೆ 4.0, ‘ಫೈನ್’ಗೆ 6.0, ‘ನಿಯರ್ ಮಿಂಟ್’ಗೆ 9.4. ಅಂಚೆಯಲ್ಲಿ ಹಣ ಕಳಿಸಿ ‘ಗುಡ್’ ಪ್ರತಿ ತರಿಸಿಕೊಂಡ ಎಷ್ಟು ಹುಡುಗರು ಪೊಟ್ಟಣ ಬಿಚ್ಚಿ ಪೆಚ್ಚಾದರೋ!

2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಶುರುವಾದ ಮೇಲೆ ಆಟದ ನಿಯಮ ಬದಲಾಯಿತು. ಫ್ಲಾರಿಡಾದ ಸರಸೋಟದಲ್ಲಿರುವ ಈ ಸಂಸ್ಥೆ ಕೊಳ್ಳುವವರ ಪರವೂ ಅಲ್ಲ, ಮಾರುವವರ ಪರವೂ ಅಲ್ಲ. ಶುಲ್ಕ ತೆಗೆದುಕೊಂಡು ಪ್ರತಿಯನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ಪುಟ ಎಣಿಸುತ್ತಾರೆ, ರಿಪೇರಿ ನಡೆದಿದೆಯೇ ಎಂದು ಹುಡುಕುತ್ತಾರೆ, ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ನೋಡುತ್ತಾರೆ. ಆಮೇಲೆ ಪ್ರತಿಯನ್ನು ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಮೇಲೆ ಚೀಟಿ ಅಂಟಿಸುತ್ತಾರೆ. ಹೀಗೆ ಮುಚ್ಚಿದ್ದಕ್ಕೆ ಸಂಗ್ರಾಹಕರು ‘ಸ್ಲ್ಯಾಬ್’ ಎನ್ನುತ್ತಾರೆ. ಚೀಟಿಯ ಬಣ್ಣಕ್ಕೂ ಅರ್ಥವಿದೆ. ನೀಲಿ ಎಂದರೆ ಸಹಜ ಪ್ರತಿ; ಹಳದಿ ಎಂದರೆ ಸಂಸ್ಥೆಯ ಸಾಕ್ಷಿಯ ಎದುರು ಕಲಾವಿದ ಸಹಿ ಹಾಕಿದ್ದು; ನೇರಳೆ ಎಂದರೆ ರಿಪೇರಿಯಾದದ್ದು. ನೇರಳೆ ಚೀಟಿ ಕಂಡರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ. ಮಾಸಿದ ಜಾಗಕ್ಕೆ ಬಣ್ಣ ತುಂಬಿ, ಹರುಕಿಗೆ ಕಾಗದ ಸೇರಿಸಿ ಚೆಂದ ಮಾಡಿದ ಪ್ರತಿಗಿಂತ ಮುದುಡಿದ ಆದರೆ ಯಾರೂ ಕೈಹಚ್ಚದ ಪ್ರತಿಗೆ ಹೆಚ್ಚು ಹಣ ಬರುವುದುಂಟು.

ಪರೀಕ್ಷಕರ ಕಣ್ಣು ಮೊದಲು ಹೋಗುವುದು ಪುಸ್ತಕದ ಬೆನ್ನಿಗೆ. ಪ್ರತಿಸಲ ತೆರೆದು ಮುಚ್ಚುವಾಗಲೂ ಪಿನ್ನಿನ ಸುತ್ತ ಸಣ್ಣ ಅಡ್ಡಗೆರೆಗಳು ಬೀಳುತ್ತವೆ. ಗೆರೆ ಬಿದ್ದಲ್ಲಿ ಬಣ್ಣ ಒಡೆದು ಬಿಳಿ ಕಾಗದ ಇಣುಕಿತೆಂದರೆ ಅಂಕ ಕುಸಿಯಿತು. ಮೂಲೆ ಮೊಂಡಾಗಿದೆಯೇ, ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಲೆ ಇಳಿಸಿದೆಯೇ, ಒಳಪುಟ ಬಿಳಿಯೋ ಕೆನೆಬಣ್ಣವೋ ಮುಟ್ಟಿದರೆ ಪುಡಿಯಾಗುವ ಕಂದೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆ ಕಾಲದ ಕಾಮಿಕ್ಸ್ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ. ಮರದ ತಿರುಳನ್ನು ಅರೆದು ಮಾಡಿದ ಆ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಯಾಗಿ ಆಮ್ಲ ಬಿಡುತ್ತದೆ. ಕಾಗದ ತನ್ನನ್ನು ತಾನೇ ತಿನ್ನುತ್ತದೆ. ಎಂಬತ್ತು ವರ್ಷ ಕಳೆದ ಮೇಲೂ ಒಳಪುಟ ಬೆಳ್ಳಗಿದ್ದರೆ ಅದು ಯಾರೋ ಒಬ್ಬರ ಜೋಪಾನಕ್ಕಿಂತ ಹೆಚ್ಚಾಗಿ ಹವಾಮಾನದ ಕೃಪೆ.

2025ರ ನವೆಂಬರ್‌ನಲ್ಲಿ 91.2 ಲಕ್ಷ ಡಾಲರಿಗೆ, ಎಂದರೆ ಸುಮಾರು 80 ಕೋಟಿ ರೂಪಾಯಿಗೆ ಹರಾಜಾದ 1939ರ ‘ಸೂಪರ್‌ಮ್ಯಾನ್’ ಮೊದಲ ಸಂಚಿಕೆಯ ಕಥೆ ಇದೇ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ತಾಯಿಯ ಮನೆ ಖಾಲಿ ಮಾಡುತ್ತಿದ್ದ ಮೂವರು ಮಕ್ಕಳಿಗೆ ಅದು ಅಟ್ಟದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಹಳೆಯ ಪತ್ರಿಕೆಗಳ ಅಡಿಯಲ್ಲಿ ಸಿಕ್ಕಿತ್ತು. ಗ್ರೇಡ್ 9.0. ಅಲ್ಲಿನ ತಂಪು ಹವೆ ಕಾಗದಕ್ಕೆ ಹಿತವಾಗಿತ್ತು.

ಗ್ರೇಡ್ ಹೆಚ್ಚಿದಂತೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ತುದಿಯ ಹತ್ತಿರ ನೆಗೆಯುತ್ತದೆ. ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯಲ್ಲಿ. ಮುಖಬೆಲೆ 12 ಸೆಂಟ್. ಅದರ 9.6 ಗ್ರೇಡಿನ ಪ್ರತಿ 2021ರಲ್ಲಿ 36 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ಸಂಚಿಕೆಯ ಜೀರ್ಣ ಪ್ರತಿಗಳು ಹತ್ತಿಪ್ಪತ್ತು ಸಾವಿರ ಡಾಲರಿಗೆ ಸಿಗುತ್ತವೆ. ತುದಿಯಲ್ಲಿ ಹೀಗಾಗುವುದಕ್ಕೆ ಕಾರಣ ಸಿಜಿಸಿ ಇಡುವ ಇನ್ನೊಂದು ಲೆಕ್ಕ, ಅದನ್ನು ‘ಸೆನ್ಸಸ್’ ಎನ್ನುತ್ತಾರೆ. ಯಾವ ಸಂಚಿಕೆಯ ಎಷ್ಟು ಪ್ರತಿಗಳಿಗೆ ಯಾವ ಗ್ರೇಡ್ ಸಿಕ್ಕಿದೆ ಎಂಬುದು ಅದರಲ್ಲಿ ಬಹಿರಂಗವಾಗಿರುತ್ತದೆ. ತನ್ನದಕ್ಕಿಂತ ಮೇಲಿನದು ಜಗತ್ತಿನಲ್ಲಿ ಇಲ್ಲವೆಂದು ಗೊತ್ತಾದಾಗ ಹಣವಂತರು ಹಣದ ಮುಖ ನೋಡುವುದಿಲ್ಲ.

ಗ್ರೇಡೊಂದೇ ಬೆಲೆ ತರುತ್ತದೆಂದು ತಿಳಿಯಬಾರದು. ಅದು ಗುಣಿಸುವ ಅಂಕಿ ಮಾತ್ರ, ಗುಣಿಸಲು ಇನ್ನೊಂದು ಅಂಕಿ ಬೇಕಲ್ಲ! ಅದು ‘ಕೀ ಇಶ್ಯೂ’: ಒಂದು ಪಾತ್ರ ಮೊದಲು ಬಂದ ಅಥವಾ ಸತ್ತ ಸಂಚಿಕೆ. ಇದರ ಜೊತೆಗೆ ವಿರಳತೆ. ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ ಸುಮಾರು 2 ಲಕ್ಷ ಪ್ರತಿ ಅಚ್ಚಾಗಿತ್ತು, ಈಗ ಉಳಿದಿರುವುದು ನೂರರ ಆಸುಪಾಸು ಎಂಬ ಅಂದಾಜಿದೆ. ಹತ್ತು ಸೆಂಟಿನ ಪುಸ್ತಕವನ್ನು ಮಕ್ಕಳು ಓದಿದರು, ಸುರುಳಿ ಸುತ್ತಿ ಜೇಬಿಗೆ ತುರುಕಿದರು, ಗೆಳೆಯರ ಜೊತೆ ಬದಲಾಯಿಸಿಕೊಂಡರು. ಎರಡನೇ ಮಹಾಯುದ್ಧದಲ್ಲಿ ಹಳೆ ಕಾಗದ ಕೂಡಿಸುವ ಅಭಿಯಾನಕ್ಕೆ ರಾಶಿಗಟ್ಟಲೆ ಹೋದವು. ಮಕ್ಕಳು ಕೆಡುತ್ತಾರೆಂದು ಊರೂರುಗಳಲ್ಲಿ ಬೆಂಕಿಗೆ ಹಾಕಿದ್ದೂ ಇದೆ. ಅಂದು ಯಾರೂ ಇದನ್ನು ಬೆಲೆಯುಳ್ಳದ್ದೆಂದು ಎಣಿಸಲಿಲ್ಲ, ಅದಕ್ಕೇ ಇಂದು ಇದಕ್ಕೆ ಬೆಲೆ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಪಾತ್ರದ ಹಕ್ಕನ್ನೆಲ್ಲ 130 ಡಾಲರಿಗೆ ಬರೆದುಕೊಟ್ಟಿದ್ದರು. ಆ ಹಣ ಪಾವತಿಯಾದ ಚೆಕ್ಕೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು!

ಇದರ ತಿರುಗಾಮುರುಗಾ ನಡೆದದ್ದು 1990ರ ದಶಕದಲ್ಲಿ. ಹಳೆ ಕಾಮಿಕ್ಸ್‌ಗೆ ಇಷ್ಟು ಬೆಲೆ ಬರುವುದಾದರೆ ಹೊಸದನ್ನೇ ಈಗ ಕೂಡಿಟ್ಟರೆ ಹೇಗೆ ಎಂದು ಜನ ಮುಗಿಬಿದ್ದರು. 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1992ರಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆಯನ್ನು ಕಪ್ಪು ಚೀಲದಲ್ಲಿ ಮುಚ್ಚಿ ಮಾರಿದರು, ಕೊಂಡವರು ಚೀಲ ತೆರೆಯದೆ ಕಪಾಟಿನಲ್ಲಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲರ ಬಳಿಯೂ ಚೆನ್ನಾಗಿಯೇ ಉಳಿಯಿತು. ಹಾಗೆ ಉಳಿದದ್ದನ್ನು ಕೊಳ್ಳುವವರು ಯಾರು? ಪೇಟೆ ಕುಸಿಯಿತು, ಸಾಲುಸಾಲು ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ‘ಎಕ್ಸ್-ಮೆನ್’ ಪ್ರಕಟಿಸುತ್ತಿದ್ದ ಮಾರ್ವೆಲ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತು.

ನನಗೆ ಬಹಳ ಹಿಡಿಸುವ ಉದಾಹರಣೆ 1974ರ ನವೆಂಬರ್ ತಿಂಗಳ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆ. ವುಲ್ವರಿನ್ ಪಾತ್ರ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಪುಸ್ತಕವಿದು. ಆ ಕಾಲದಲ್ಲಿ ಮಾರ್ವೆಲ್ ತನ್ನ ಸಂಚಿಕೆಗಳ ಒಳಗೆ ಒಂದೊಂದು ಚಿಕ್ಕ ಚಿತ್ರಚೀಟಿ ಅಚ್ಚು ಹಾಕುತ್ತಿತ್ತು. ಕತ್ತರಿಸಿ ಬೇರೊಂದು ಪುಸ್ತಕಕ್ಕೆ ಅಂಟಿಸಿಕೊಂಡು ಪೂರ್ತಿ ಸರಣಿ ಕೂಡಿಸಿರಿ ಎಂದು ಮಕ್ಕಳಿಗೆ ಹೇಳುತ್ತಿತ್ತು. ಹೆಸರು ‘ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್’. ಮಕ್ಕಳು ಹೇಳಿದಂತೆಯೇ ಕತ್ತರಿಸಿದರು. ಇಂದು ಈ ಸಂಚಿಕೆ ಕೊಳ್ಳಲು ಹೋದವರು ಮೊದಲು ಕೇಳುವ ಪ್ರಶ್ನೆ, ಸ್ಟ್ಯಾಂಪ್ ಇದೆಯೇ? ಇಲ್ಲದಿದ್ದರೆ ಹೊರಗಿನಿಂದ ಪ್ರತಿ ಎಷ್ಟೇ ಥಳಥಳಿಸಲಿ, ಬೆಲೆಯ ಬಹುಪಾಲು ಆ ಕತ್ತರಿಯ ಜೊತೆಗೇ ಹೋಯಿತು.

ಪ್ರತಿಯ ಹಿಂದಿನ ಒಡೆಯರ ಚರಿತ್ರೆಯೂ ಹಣ ತರುತ್ತದೆ. ನಟ ನಿಕೋಲಸ್ ಕೇಜ್ 1996ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಕೊಂಡಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ 2000ದಲ್ಲಿ ಅವನ ಮನೆಯಿಂದ ಕಳುವಾಯಿತು. 2011ರಲ್ಲಿ ಕ್ಯಾಲಿಫೋರ್ನಿಯಾದ ಬಾಡಿಗೆ ಗೋದಾಮೊಂದರಲ್ಲಿ ಪತ್ತೆಯಾಗಿ ಅದೇ ವರ್ಷ 21.6 ಲಕ್ಷ ಡಾಲರಿಗೆ ಹರಾಜಾಯಿತು. 2026ರ ಜನವರಿಯಲ್ಲಿ ಖಾಸಗಿಯಾಗಿ 1.5 ಕೋಟಿ ಡಾಲರಿಗೆ ಕೈ ಬದಲಾಯಿತು. ಗ್ರೇಡ್ ಅಂದೂ 9.0, ಇಂದೂ 9.0. ಕಳ್ಳ ಆ ಪ್ರತಿಗೆ ಒಂದು ಕಥೆ ಸೇರಿಸಿಕೊಟ್ಟ.

ಅಂಕಿಗೆ ಇಷ್ಟು ಹಣ ಅಂಟಿಕೊಂಡ ಮೇಲೆ ಅಂಕಿಯನ್ನೇ ಏರಿಸುವ ಕಸುಬು ಹುಟ್ಟದಿರುತ್ತದೆಯೇ? ‘ಪ್ರೆಸ್ಸಿಂಗ್’ ಎಂಬುದೊಂದಿದೆ. ಹದವಾದ ತೇವ, ಶಾಖ ಮತ್ತು ಒತ್ತಡ ಕೊಟ್ಟು ಬಾಗು, ಸುಕ್ಕುಗಳನ್ನು ನೇರ ಮಾಡುತ್ತಾರೆ. ಬಣ್ಣ ಒಡೆದ ಗೆರೆಗೆ ಇದರಿಂದ ಪರಿಹಾರವಿಲ್ಲ. ಸಿಜಿಸಿ ಇದನ್ನು ರಿಪೇರಿ ಎಂದು ಎಣಿಸುವುದಿಲ್ಲ, ನೀಲಿ ಚೀಟಿಯೇ ಸಿಗುತ್ತದೆ. ಹಾಗಾಗಿ ಸ್ಲ್ಯಾಬ್ ಒಡೆದು, ಪ್ರೆಸ್ ಮಾಡಿಸಿ, ಮತ್ತೆ ಕಳಿಸಿ ಹೆಚ್ಚಿನ ಅಂಕ ಪಡೆಯುವವರಿದ್ದಾರೆ. 2023ರ ಕೊನೆಯಲ್ಲಿ ಇನ್ನೂ ದೊಡ್ಡ ಗುಲ್ಲೆದ್ದಿತು: ಸ್ಲ್ಯಾಬನ್ನು ಗುರುತು ಸಿಗದಂತೆ ತೆರೆದು, ಹೆಚ್ಚಿನ ಗ್ರೇಡಿನ ಚೀಟಿಯ ಕೆಳಗೆ ಕಡಿಮೆ ಗ್ರೇಡಿನ ಪ್ರತಿ ಇಟ್ಟು ಮಾರಿದ್ದು ಬಯಲಾಯಿತು. ಪ್ಲಾಸ್ಟಿಕ್ಕಿನ ಮೇಲಿನ ನಂಬಿಕೆಗೆ ಅದು ಸಣ್ಣ ಪೆಟ್ಟಲ್ಲ. ಈ ಪದ್ಧತಿಯ ಬಗ್ಗೆ ನನ್ನ ತಕರಾರು ಮಾತ್ರ ಬೇರೆ. ಓದಲೆಂದು ಅಚ್ಚಾದದ್ದನ್ನು ಎಂದೂ ತೆರೆಯಲಾಗದಂತೆ ಮುಚ್ಚಿಟ್ಟು ಮುಖಪುಟ ನೋಡುತ್ತ ಕೂರುವುದು ನನಗೆ ರುಚಿಸುವುದಿಲ್ಲ. ಆದರೂ ಮಾರುವವನಿಗೂ ಕೊಳ್ಳುವವನಿಗೂ ನಡುವೆ ಒಂದು ಸಮ್ಮತ ಅಳತೆ ಬಂದಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

ನಮ್ಮ ಕಡೆಯ ಹಳೆ ಕಾಮಿಕ್ಸ್‌ಗಳನ್ನು ಈ ತಕ್ಕಡಿಯಲ್ಲಿಟ್ಟರೆ ಗತಿ ಏನು? ‘ಅಮರ ಚಿತ್ರ ಕಥೆ’ಯ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಅದಕ್ಕೂ ಹಿಂದಿನ ಹತ್ತು ಪಾಶ್ಚಾತ್ಯ ಕಿನ್ನರ ಕಥೆಗಳು. ಬೆಂಗಳೂರಿನಲ್ಲಿ ಈ ಸರಣಿಯ ಪ್ರಕಾಶಕ ಸಂಸ್ಥೆ ಇಂಡಿಯಾ ಬುಕ್ ಹೌಸ್‌ನ ಕೆಲಸ ನೋಡುತ್ತಿದ್ದ ಜಿ. ಕೆ. ಅನಂತರಾಮ್ ಅವರ ಹೇಳಿಕೆಯಂತೆ ಆ ಹತ್ತು ಮೊದಲು ಬಂದದ್ದು ಕನ್ನಡದಲ್ಲಿ. ಸರಣಿಯ ಸಂಪಾದಕ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಮೊದಲ ಸಂಚಿಕೆ ಎಂಬ ಮಾತಿಗೆ ಬೆಲೆ ಕೊಡುವ ಪೇಟೆ ಇಲ್ಲೂ ಇದ್ದಿದ್ದರೆ ಆ ಹತ್ತು ಕನ್ನಡ ಪುಸ್ತಕಗಳು ದೊಡ್ಡ ಬೇಟೆಯಾಗುತ್ತಿದ್ದವು. ಆದರೆ ನಮ್ಮಲ್ಲಿ ಕಾಮಿಕ್ಸ್ ಬಾಳಿದ ರೀತಿಯೇ ಬೇರೆ. ಬಾಡಿಗೆಗೆ ಕೊಡುವ ಲೈಬ್ರರಿಯವರು ಮುಖಪುಟಕ್ಕೆ ಮೊಹರು ಒತ್ತಿದರು. ಮನೆಯಲ್ಲಿ ಹತ್ತಿಪ್ಪತ್ತನ್ನು ಒಟ್ಟಿಗೆ ಹೊಲಿಸಿ, ಅಂಚು ಕತ್ತರಿಸಿ, ಗಟ್ಟಿ ರಟ್ಟು ಹಾಕಿಸಿದರು. ಅಂಚು ಕತ್ತರಿಸಿದ ಪ್ರತಿ ಅಮೆರಿಕದ ಲೆಕ್ಕದಲ್ಲಿ ನೇರಳೆ ಚೀಟಿಯದು. ಆದರೆ ಆ ರಟ್ಟು ಇಲ್ಲದಿದ್ದರೆ ಮಳೆಗಾಲದ ಥಂಡಿ ಮತ್ತು ಬೆಳ್ಳಿಮೀನು ಹುಳು ಅವನ್ನು ಎಂದೋ ಮುಗಿಸುತ್ತಿದ್ದವು.

ಯಾರ ಅಟ್ಟದಲ್ಲಾದರೂ ಹಳೆ ಕಾಮಿಕ್ಸ್ ಸಿಕ್ಕಿದರೆ ಸೆಲ್ಲೋಟೇಪ್ ಹಚ್ಚಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಇಸ್ತ್ರಿಯಂತೂ ಬೇಡವೇ ಬೇಡ. ಹಳೆಯದೆಂಬ ಕಾರಣಕ್ಕೆ ಪರೀಕ್ಷೆಗೆ ಕಳಿಸುವ ಆತುರವೂ ಬೇಡ, ಬಹುತೇಕ ಸಂಚಿಕೆಗಳಿಗೆ ಬರುವ ಹಣ ಗ್ರೇಡಿಂಗ್ ಶುಲ್ಕಕ್ಕೂ ಸಾಲದು. ಸಿಕ್ಕಿದ್ದು ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯೇ ಆಗಿದ್ದರೆ ಕುಣಿಯುವ ಮೊದಲು ಅಳತೆಪಟ್ಟಿ ಹಿಡಿದು ನೋಡಬೇಕು. 1974ರಲ್ಲಿ ಅದರ ಪ್ರಕಾಶಕ ಡಿಸಿ ಸಂಸ್ಥೆ ಅದನ್ನು ಮುಖಪುಟ, ಜಾಹೀರಾತು ಸಮೇತ ಮರುಮುದ್ರಿಸಿ, ಮೇಲೊಂದು ಬೇರೆ ಹೊದಿಕೆ ಹಾಕಿ ಮಾರಿತ್ತು. ಆ ಹೊದಿಕೆ ಕಳಚಿ ಹೋದರೆ ಒಳಗಿನದು ಮೂಲದಂತೆಯೇ ಕಾಣುತ್ತದೆ. ಆದರೆ ಅದರ ಎತ್ತರ ಹದಿಮೂರು ಅಂಗುಲಕ್ಕೂ ಹೆಚ್ಚು. 1938ರ ಮೂಲ ಪ್ರತಿ ಅಷ್ಟು ದೊಡ್ಡದಲ್ಲ.