ಕೇಳಿಸದ ಮಕ್ಕಳ ಹಲ್ಲುನೋವು ಯಾರಿಗೂ ಕೇಳಿಸಲಿಲ್ಲ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ನೆಂಟರ ಮನೆಯಲ್ಲೊಬ್ಬ ಆರು ವರ್ಷದ ಹುಡುಗ. ಎರಡೂ ಕಿವಿಗೆ ಕೇಳಿಸುವ ಮಷೀನ್ ಇದೆ. ಕೆಲವು ತಿಂಗಳ ಹಿಂದೆ ಊಟಕ್ಕೆ ಕೂತರೆ ತಟ್ಟೆ ತಳ್ಳುತ್ತಿದ್ದ, ರಾತ್ರಿ ಎದ್ದು ಅಳುತ್ತಿದ್ದ. ಹಟ ಜಾಸ್ತಿಯಾಗಿದೆ ಅಂದುಕೊಂಡರು. ಒಂದು ಬೆಳಿಗ್ಗೆ ಕೆನ್ನೆ ಊದಿತ್ತು. ಒಳಗೆ ಹಾಲುಹಲ್ಲೊಂದು ಹುಳುಕಾಗಿ ಕೀವು ಕಟ್ಟಿತ್ತು. ಮನೆಯಲ್ಲಿ ಕನ್ನಡ, ಮಾತು ಕಲಿಸುವ ಥೆರಪಿಯಲ್ಲಿ ಮರಾಠಿ, ಸನ್ನೆ ಯಾರೂ ಕಲಿಸಿಲ್ಲ. ಹಲ್ಲು ನೋಯುತ್ತಿದೆ ಎಂದು ಹೇಳಲು ಆ ಮಗುವಿಗೆ ಯಾವ ಮಾತೂ ಇರಲಿಲ್ಲ.

ಈ ಕೊರತೆಗೆ ಹಳೆಯ ಬೇರಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಭೆ ಸೇರಿ, ಸನ್ನೆ ಬೇಡ, ಬಾಯಿಮಾತೇ ಕಲಿಸಬೇಕು ಎಂದು ತೀರ್ಮಾನಿಸಿದರು. 1885ರಲ್ಲಿ ಬಿಷಪ್ ಲಿಯೊ ಮ್ಯೂರಿನ್ ಮುಂಬೈನಲ್ಲಿ ಕಿವುಡ ಮಕ್ಕಳ ಶಾಲೆ ತೆರೆದರು. ದೇಶದ ಮೊದಲ ಇಂಥ ಶಾಲೆ ಎಂದು ಅದನ್ನೇ ಹೆಸರಿಸುತ್ತಾರೆ. ಮುಂದೆ ನಮ್ಮ ಶಾಲೆಗಳಲ್ಲೂ ಬಾಯಿಮಾತಿನ ಪಾಠವೇ ಬೇರೂರಿತು. ಮಗುವನ್ನು ಕನ್ನಡಿ ಮುಂದೆ ಕೂರಿಸಿ ನಾಲಿಗೆ ಎಲ್ಲಿ ತಾಗಬೇಕು ಎಂದು ತೋರಿಸುವುದು, ‘ಪ’ ಹೇಳಿಸುವಾಗ ಅಂಗೈಗೆ ಉಸಿರು ಬಡಿಯುತ್ತದಾ ನೋಡುವುದು. ಆ ಬಾಯನ್ನು ಅಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ಆದರೆ ನೋಡಿದ್ದು ಅಕ್ಷರ ಹೊರಡುತ್ತದಾ ಅಂತ. ಹಲ್ಲು, ಒಸಡು ಪಾಠದಲ್ಲಿ ಇರಲಿಲ್ಲ. ಮಿಲಾನ್‌ನ ತೀರ್ಮಾನ ತಪ್ಪಾಗಿತ್ತು ಎಂದು ಅದೇ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. 130 ವರ್ಷ!

ಅಷ್ಟರಲ್ಲಿ ಮುಂಬೈ ಬೆಳೆದಿತ್ತು. 1933ರಲ್ಲಿ ನಾಯರ್ ದಂತ ಕಾಲೇಜು ಬಂತು. 1983ರಲ್ಲಿ ಬಾಂದ್ರಾದಲ್ಲಿ ಕಿವಿ ಕೇಳಿಸದವರಿಗಾಗಿ ಅಲಿ ಯಾವರ್ ಜಂಗ್ ಸಂಸ್ಥೆ ಬಂತು. ಹಲ್ಲಿಗೊಂದು ಬಾಗಿಲು, ಕಿವಿಗೊಂದು ಬಾಗಿಲು. ಮಗುವನ್ನು ಎತ್ತಿಕೊಂಡು ಲೋಕಲ್ ಹತ್ತುವ ತಾಯಿ ಎಷ್ಟು ಬಾಗಿಲು ತಟ್ಟಬೇಕು ಹೇಳಿ. ಕಿವಿ ಪರೀಕ್ಷೆ, ಮಷೀನ್, ಬ್ಯಾಟರಿ, ಥೆರಪಿ ಮುಗಿಯುವಷ್ಟರಲ್ಲಿ ಕೈಯಲ್ಲಿ ದುಡ್ಡೂ ಇರುವುದಿಲ್ಲ, ರಜೆಯೂ ಇರುವುದಿಲ್ಲ. ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಅಂತ ಸುಮ್ನಾಗುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಕಿವುಡುತನವೇ ಹಲ್ಲು ಹಾಳುಮಾಡುವುದಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಎರಡಕ್ಕೂ ಕಾರಣ ಒಂದೇ. ಹಾಲುಹಲ್ಲಿನ ಎನಾಮೆಲ್, ಅಂದರೆ ಗಟ್ಟಿ ಹೊರಪದರ, ಕಟ್ಟಿಕೊಳ್ಳಲು ಶುರುವಾಗುವುದು ಗರ್ಭದಲ್ಲೇ. ಒಳಕಿವಿ ಬೆಳೆಯುವುದೂ ಅಲ್ಲೇ. ತಾಯಿಗೆ ಬಸುರಿನಲ್ಲಿ ರುಬೆಲ್ಲಾ ಬಂದರೆ, ಮಗು ತೀರಾ ಬೇಗ ಹುಟ್ಟಿದರೆ, ಹುಟ್ಟಿದ ಮೇಲೆ ಕಾಮಾಲೆ ವಿಪರೀತವಾದರೆ ಎರಡಕ್ಕೂ ಏಟು ಬೀಳಬಹುದು. ಎನಾಮೆಲ್ ತೆಳುವಾದ ಹಲ್ಲು ಬೇಗ ಹುಳುಕಾಗುತ್ತದೆ, ಆ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಮೀಸಲ್ಸ್-ರುಬೆಲ್ಲಾ ಲಸಿಕೆ ಅಭಿಯಾನ ಕರ್ನಾಟಕ, ಗೋವಾಗಳಲ್ಲಿ 2017ರಲ್ಲಿ, ಮಹಾರಾಷ್ಟ್ರದಲ್ಲಿ 2018ರಲ್ಲಿ ಶುರುವಾಯಿತು. ಅದು ಕಿವಿಯ ಜೊತೆಗೆ ಹಲ್ಲನ್ನೂ ಕಾಯುವ ಚುಚ್ಚುಮದ್ದು.

ಇನ್ನು ಡೆಂಟಿಸ್ಟ್ ಕುರ್ಚಿ. ನಮ್ಮ ಹುಡುಗನನ್ನು ಮೊದಲು ಕರೆದೊಯ್ದ ಕ್ಲಿನಿಕ್‌ನಲ್ಲಿ ಡಾಕ್ಟರ್ ಮಾಸ್ಕ್ ಹಾಕಿಕೊಂಡೇ ಮಾತಾಡಿದರು. ತುಟಿ ಕಾಣದಿದ್ದರೆ ಅವನಿಗೆ ಮಾತೇ ಇಲ್ಲ. ಡ್ರಿಲ್ ಶುರುವಾದಾಗ ಆ ಕೀರಲು ಸದ್ದನ್ನು ಕಿವಿಯ ಮಷೀನ್ ಇನ್ನಷ್ಟು ದೊಡ್ಡದು ಮಾಡಿತು. ಅವನು ಅದನ್ನು ಕಿತ್ತೆಸೆದ. ಸದ್ದು ಹೋಯಿತು, ಹಲ್ಲಿನ ನಡುಕ ತಲೆಯೊಳಗೆ ಉಳಿಯಿತು. ಮತ್ತೆ ಬಾಯಿ ತೆರೆಯಲಿಲ್ಲ.

ಮಕ್ಕಳ ದಂತವೈದ್ಯರಿಗೆ 1959ರಿಂದಲೂ ಗೊತ್ತಿರುವ ಒಂದು ಕ್ರಮವಿದೆ. ಅಡೆಲ್‌ಸ್ಟನ್ ಎಂಬುವರು ಅದಕ್ಕೆ ರೂಪ ಕೊಟ್ಟರು: ಹೇಳಿ, ತೋರಿಸಿ, ಆಮೇಲೆ ಮಾಡಿ. ಕೇಳಿಸದ ಮಗುವಿಗೆ ‘ಹೇಳಿ’ ಅನ್ನುವುದೂ ಕಣ್ಣಿಗೇ ಆಗಬೇಕು. ಶುರುಮಾಡುವ ಮೊದಲು ಎದುರು ಕೂತು, ಮಾಸ್ಕ್ ಇಳಿಸಿ ಎಲ್ಲ ತಿಳಿಸಬೇಕು. ತಿರುಗುವ ಬ್ರಷ್ಷನ್ನು ಮಗುವಿನ ಉಗುರಿಗೆ ಮುಟ್ಟಿಸಬೇಕು. ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಒಪ್ಪಂದವಾಗಬೇಕು, ಕೊಟ್ಟ ಮಾತಿಗೆ ತಪ್ಪಬಾರದು. ಮಷೀನ್ ಆಫ್ ಮಾಡುವುದು ಆಮೇಲೆ. ಒಳಕಿವಿಯಲ್ಲಿ ಆಪರೇಷನ್ ಮಾಡಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಗಿದ್ದರೆ ಮೊದಲೇ ಹೇಳಿಬಿಡಿ. ದೇಹದ ಮೂಲಕ ಕರೆಂಟ್ ಹರಿಸಿ ಒಸಡು ಸುಡುವ ಮೊನೊಪೋಲಾರ್ ಉಪಕರಣವನ್ನು ಅಂಥ ಮಕ್ಕಳ ಬಾಯಿಯಲ್ಲಿ ಬಳಸುವ ಹಾಗಿಲ್ಲ.

2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಕಿವಿಯೂ ಇದೆ, ಹಲ್ಲೂ ಇದೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ಆ ತಂಡದ ಹತ್ತಿರ ಎರಡನ್ನೂ ನೋಡಿ ಅಂತ ಧೈರ್ಯವಾಗಿ ಕೇಳಬಹುದು. ಆರನೇ ವರ್ಷಕ್ಕಂತೂ ಹಲ್ಲು ತೋರಿಸಲೇಬೇಕು. ಆಗ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ಶಾಶ್ವತ ದವಡೆ ಹಲ್ಲು ಹುಟ್ಟುತ್ತದೆ. ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುತ್ತಾರೆ.

ನಮ್ಮ ಹುಡುಗನ ಮನೆಯವರು ಈಗ ಸನ್ನೆ ಕಲಿಯುತ್ತಿದ್ದಾರೆ. ರಾತ್ರಿ ಕನ್ನಡಿ ಮುಂದೆ ಅಮ್ಮ, ಮಗ ಒಟ್ಟಿಗೆ ಹಲ್ಲುಜ್ಜುತ್ತಾರೆ. ಕಳೆದ ವಾರ ಅವನು ಬ್ರಷ್ ಕೆಳಗಿಟ್ಟು ಕೆನ್ನೆಯ ಮೇಲೆ ಬೆರಳಿಟ್ಟ, ‘ನೋವು’ ಎಂದು ಕೈಯಲ್ಲಿ ಹೇಳಿದ. ಟಾರ್ಚ್ ಹಾಕಿ ನೋಡಿದರೆ ತೀರಾ ಹಿಂದೆ, ಒಸಡು ಸೀಳಿಕೊಂಡು ಹೊಸ ದವಡೆ ಹಲ್ಲಿನ ತುದಿ ಕಾಣುತ್ತಿತ್ತು.