ಪದ ಪರಿಚಯ: ಬೆಚ್ಚಗೆ

ಬಿಸಿ ಬೇರೆ, ಬೆಚ್ಚಗೆ ಬೇರೆ. ಕಾಫಿ ಬಿಸಿಯಾಗಿರಬೇಕು, ಮನೆ ಬೆಚ್ಚಗಿರಬೇಕು. ಮೈಗೆ ಹಿತವಾಗುವಷ್ಟೇ ಬಿಸಿ ಇದ್ದರೆ ಅದು ಬೆಚ್ಚಗೆ. ಕೊಡಗಿನಲ್ಲಿ ಒಂದು ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು, ಕಳೆದವರಿಗೆ ಈ ಪದದ ಬೆಲೆ ಗೊತ್ತು.

ಬೆಚ್ಚಗೆ ಅಂದರೆ ಎಷ್ಟು ಡಿಗ್ರಿ? ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಲಿ ಎಂದಿದೆ. ಚಳಿ ಜಾಸ್ತಿ ಇರುವ ದೇಶಗಳಿಗೆ ಹೇಳಿದ ಮಾತು ಅದು. ಆದರೂ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಉಬ್ಬಸ ಇರುವವರಿಗೆ ಉಸಿರು ಕಟ್ಟುತ್ತದೆ. ವಯಸ್ಸಾದವರು, ಹಸುಗೂಸು ಇರುವ ಕೋಣೆ ಇನ್ನೂ ಸ್ವಲ್ಪ ಬೆಚ್ಚಗಿರಬೇಕು.

ಆದರೆ ಡಿಗ್ರಿ ಒಂದೇ ಸಾಲದು. ನಮ್ಮ ಅಜ್ಜಿ ಮಳೆಗಾಲದಲ್ಲಿ ಎರಡು ಕಂಬಳಿ ಹೊದ್ದರೂ ನಡುಗುತ್ತಿದ್ದರು. ಕೋಣೆಯ ಥರ್ಮಾಮೀಟರ್ 20 ತೋರಿಸುತ್ತಿತ್ತು! ಮಂಚ ಸರಿಸಿ ನೋಡಿದರೆ ಮಳೆ ಹೊಡೆಯುವ ಕಡೆಯ ಗೋಡೆ ಬೆವರಿತ್ತು. ಮಂಚದ ಹಿಂದೆ ಹಸಿರು ಬೂಷ್ಟು, ಕಂಬಳಿಯ ಅಂಚು ಕೈಗೆ ಥಣ್ಣಗೆ. ನಮ್ಮ ಮೈಯ ಕಾವು ತಣ್ಣನೆಯ ಗೋಡೆಯ ಕಡೆಗೆ ಸುಮ್ನೆ ಹರಿದುಹೋಗುತ್ತದೆ. ತೇವ ಹೀರಿದ ಕಂಬಳಿ ಆ ಕಾವನ್ನು ಹಿಡಿದಿಡುವುದಿಲ್ಲ. ಮಂಚವನ್ನು ಒಳಗೋಡೆಯ ಕಡೆಗೆ ಹಾಕಿದೆವು, ಕಂಬಳಿಯನ್ನು ಒಲೆಯ ಹತ್ತಿರ ಒಣಗಿಸಿದೆವು. ಆ ರಾತ್ರಿ ಅಜ್ಜಿ ನಿದ್ದೆ ಮಾಡಿದರು. ಡಿಗ್ರಿ ಅಷ್ಟೇ ಇತ್ತು!

ಹಾಗಾಗಿ ನಮ್ಮ ಕಡೆ ಬೆಚ್ಚಗೆ ಅನ್ನುವುದರಲ್ಲಿ ಅರ್ಧ ಪಾಲು ಒಣಗಿರುವುದು. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ. ಮಳೆ ಬಿಡುವು ಕೊಟ್ಟಾಗ ಹತ್ತು ನಿಮಿಷ ಕಿಟಕಿ ತೆರೆಯಿರಿ. ಬೀರುವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ.

ಬೇಸಿಗೆಯ ಮಾತು ಚಿಕ್ಕದು. ಕುಶಾಲನಗರದ ಕಡೆ ಸೆಕೆ ಅಂತ ಎಸಿ ಹಾಕಿಸಿದವರು 24 ಡಿಗ್ರಿಗೆ ಇಟ್ಟರೆ ಸಾಕು. ಉಳಿದವರಿಗೆ ಫ್ಯಾನ್ ಇದೆಯಲ್ವಾ.

ಒಂದು ವಿಷಯ ಮಾತ್ರ ಕೈಮುಗಿದು ಹೇಳುತ್ತೇನೆ. ಬೆಚ್ಚಗಿರಲಿ ಅಂತ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿ ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗಬಹುದು. ಸಂಜೆ ಕಿಟಕಿ ತೆರೆದಿಟ್ಟು ಕಾಯಿಸಿಕೊಳ್ಳಿ, ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗಿಡಿ.