ಕಪ್‌ನ ವಿಷ, ಬ್ಯಾರೆಲ್‌ನ ವಿಷ: ಕೊಡಗಿನ ತೋಟದ ಮದ್ದಿನ ಹಿನ್ನೆಲೆ

ಏಪ್ರಿಲ್‌ನಲ್ಲಿ ಕೊಡಗಿನ ಮಾದಾಪುರದ ಹತ್ತಿರ ನೆಂಟರ ತೋಟಕ್ಕೆ ಹೋಗಿದ್ದೆ. ಹೂಮಳೆ ಬಿದ್ದು ಹೋಗಿತ್ತು. ತಿಂಡಿ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಮಾವ ಫೋನ್ ಮುಂದೆ ಹಿಡಿದು ಕೇಳಿದರು: "ಒಂದು ಕಡೆ ಕಾಫಿ ಲಿವರ್‌ಗೆ ಒಳ್ಳೇದು ಅಂತಾರೆ, ಇನ್ನೊಂದು ಕಡೆ ಕಾಫಿಯಲ್ಲಿ ವಿಷ ಇದೆ ಅಂತಾರೆ. ನೀನು ಇದನ್ನೇ ಓದಿದವಳಲ್ವಾ, ಯಾವುದನ್ನು ನಂಬಬೇಕು?"

ನಾನು ಓದಿದ್ದು ವಿಷಶಾಸ್ತ್ರ. ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಲ್ಲಿ ಒಳಗೆ ಹೋದರೆ ಮೈಗೆ ಏನಾಗುತ್ತದೆ ಅನ್ನುವುದೇ ನನ್ನ ಕೆಲಸ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಕೆರೆಯ ಪಕ್ಕ ಕಣ್ಣು ಹೋಯಿತು. 200 ಲೀಟರಿನ ನೀಲಿ ಬ್ಯಾರೆಲ್. ಕಾಂಡಕೊರಕಕ್ಕೆ, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ, ಹೊಡೆಯುವ ಮದ್ದನ್ನು ಒಬ್ಬರು ಕೋಲಿನಲ್ಲಿ ಕಲಸುತ್ತಿದ್ದರು. ಕೋಲು ಚಿಕ್ಕದು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ನಾವು ಜಗಲಿಯಲ್ಲಿ ಕೂತು ಕಪ್ ಬಗ್ಗೆ ಮಾತಾಡುತ್ತಿದ್ದೆವು.

ಈ ವಿಷಯ ಯಾಕೆ ಇಷ್ಟು ಗೋಜಲಾಯಿತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಕೊಡಗಿನ ತೋಟಗಳ ಹಳೆಯ ಮದ್ದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು, ಇಲ್ಲಿ ಎಲೆ ತುಕ್ಕಿಗೆ, ಕೊಳೆರೋಗಕ್ಕೆ, ಕರಿಮೆಣಸಿನ ಸೊರಗು ರೋಗಕ್ಕೆ ಇವತ್ತಿಗೂ ಬಳಕೆಯಲ್ಲಿದೆ. ಸಾವಯವ ಕೃಷಿಯಲ್ಲೂ ತಾಮ್ರಕ್ಕೆ ಮಿತಿಯೊಳಗೆ ಅವಕಾಶ ಇದೆ. ಹಾಗಂತ ನಿರಪಾಯವೇ? ನಮ್ಮ ಮೈಗೆ ದಿನಕ್ಕೆ ಒಂದು ಮಿಲಿಗ್ರಾಂ ಆಸುಪಾಸು ತಾಮ್ರ ಬೇಕೇ ಬೇಕು. ಅದೇ ತುತ್ತವನ್ನು ಕೆಲವು ಗ್ರಾಂ ನುಂಗಿದರೆ ಜೀವಕ್ಕೇ ಕುತ್ತು. ಮಣ್ಣಿಗೆ ಬಿದ್ದ ತಾಮ್ರ ಕರಗಿ ಮಾಯವಾಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಎರೆಹುಳಕ್ಕೂ ಮೀನಿಗೂ ಅದು ಒಳ್ಳೆಯದಲ್ಲ. ಒಂದೇ ವಸ್ತು ಒಂದು ಪ್ರಮಾಣದಲ್ಲಿ ಆಹಾರ, ಇನ್ನೊಂದರಲ್ಲಿ ವಿಷ. ನಮ್ಮ ಶಾಸ್ತ್ರದ ಮೊದಲ ಪಾಠ ಇದೇ.

ಸ್ವಾತಂತ್ರ್ಯದ ನಂತರದ ದಶಕಗಳು ಪುಡಿಗಳ ಕಾಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆಮನೆಯ ಗೋಡೆಗೆ ಡಿಡಿಟಿ ಬಂತು. ಚಳಿಜ್ವರದಲ್ಲಿ ನಡುಗುತ್ತಿದ್ದ ಮಲೆನಾಡಿನ ಊರುಗಳಲ್ಲಿ ಅದು ಉಳಿಸಿದ ಜೀವಗಳನ್ನು ಮರೆಯಬಾರದು. ಆಮೇಲೆ ಬಿಎಚ್‌ಸಿ ಎಂಬ ಕೀಟನಾಶಕ, ಕಾಫಿಯ ಕಾಂಡಕೊರಕಕ್ಕೆ ಅದೇ ಜಾತಿಯ ಲಿಂಡೇನ್. ಇವೆಲ್ಲ ಕೊಬ್ಬಿನಲ್ಲಿ ಕೂತು ವರ್ಷಗಟ್ಟಲೆ ಉಳಿಯುವ ಜಾತಿಯವು. ಕೃಷಿಗೆ ಡಿಡಿಟಿ 1989ರಲ್ಲಿ ನಿಂತಿತು, ಬಿಎಚ್‌ಸಿ 1997ರಲ್ಲಿ, ಲಿಂಡೇನ್ ಬಳಕೆ 2013ರಲ್ಲಿ.

ನಡುವೆ ಒಂದು ದುರಂತವನ್ನು ನೆನೆಯಲೇಬೇಕು. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆ ಇಟ್ಟಿದ್ದ ಆಹಾರದ ಸರಕಿಗೆ ಅದು ಸೋರಿತ್ತು. ಅದರ ನಂತರ ನಡೆದ ವಿಚಾರಣೆ, ಚರ್ಚೆಗಳ ಫಲವೇ 1968ರ ಕೀಟನಾಶಕ ಕಾಯ್ದೆ. ಬಾಟಲಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಈ ಕಾಯ್ದೆಯ ನಿಯಮಗಳದ್ದು. ಆ ಬಣ್ಣಗಳು ಹೇಳುವುದು ಮುಖ್ಯವಾಗಿ ಒಂದೇ ಸಂಗತಿ: ಒಂದೇ ಸಲ ಒಳಗೆ ಹೋದರೆ ಎಷ್ಟಕ್ಕೆ ಪ್ರಾಣ ಹೋಗುತ್ತದೆ. ಇಪ್ಪತ್ತು ವರ್ಷ ದಿನಾ ಸ್ವಲ್ಪ ಸ್ವಲ್ಪ ಮೈಗೆ ತಾಗಿದರೆ ಏನಾಗುತ್ತದೆ ಅಂತ ಬಣ್ಣ ಹೇಳುವುದಿಲ್ಲ. ಹಸಿರು ಗುರುತು ಇದೆ, ಏನೂ ಆಗಲ್ಲ ಅಂತ ಹೇಳುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಸಂಕಟವಾಗುತ್ತದೆ.

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಯಿಕೊರಕ ಮೊದಲ ಸಲ ಕಾಣಿಸಿಕೊಂಡಿತು. ನೋಡನೋಡುತ್ತಾ ಕೊಡಗಿಗೂ ಬಂತು. ಸಾಸಿವೆಗಿಂತ ಚಿಕ್ಕ ಕಪ್ಪು ದುಂಬಿ, ಕಾಫಿ ಹಣ್ಣಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಒಳಗೆ ಬೀಜ ಪುಡಿಪುಡಿ. ಕಾಂಡಕೊರಕ ಅರೇಬಿಕಾ ಜಾತಿಯ ಕಾಫಿಯನ್ನು ಮಾತ್ರ ಕಾಡುತ್ತಿತ್ತು, ಇದು ರೋಬಸ್ಟಾ ಜಾತಿಯನ್ನೂ ಬಿಡಲಿಲ್ಲ. ಆಗ ಕೈಗೆ ಸಿಕ್ಕಿದ ಮದ್ದು ಎಂಡೋಸಲ್ಫಾನ್. ಹುಳ ಸಾಯುತ್ತಿತ್ತು, ಬೆಲೆ ಕಮ್ಮಿ, ಎಲ್ಲ ಅಂಗಡಿಯಲ್ಲೂ ಸಿಗುತ್ತಿತ್ತು.

ಅದೇ ಹೊತ್ತಿಗೆ ಘಟ್ಟದ ಕೆಳಗೆ ಬೇರೆಯೇ ಕಥೆ ನಡೆಯುತ್ತಿತ್ತು. ಭಾಗಮಂಡಲದಿಂದ ಕರಿಕೆ ದಾರಿ ಹಿಡಿದು ಇಳಿದರೆ ಪಾಣತ್ತೂರು, ಅಲ್ಲಿಂದಾಚೆ ಕಾಸರಗೋಡು ಜಿಲ್ಲೆ. ಅಲ್ಲಿನ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಟ, ತಗ್ಗಿನಲ್ಲಿ ಮನೆ, ತೆರೆದ ಬಾವಿ, ಸುರಂಗದ ನೀರು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯೂ ಇದೇ ಆಯಿತು. ಆ ಊರುಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಚಿತ್ರಗಳನ್ನು ನೀವೂ ನೋಡಿದ್ದೀರಿ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ನಿಲ್ಲಿಸಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆಯಿತು.

ಆಗ ಕೊಡಗಿನಲ್ಲಿ ಎರಡು ಮಾತು ಕೇಳಿಬರುತ್ತಿತ್ತು. ನಾವೂ ಇಷ್ಟು ವರ್ಷ ಹೊಡೆದೆವು, ಇಲ್ಲಿ ಹಾಗೇನೂ ಆಗಿಲ್ಲ ಅನ್ನುವುದು ಒಂದು. ಹಾಗಾದರೆ ನಮ್ಮ ಊರಿನ ಎಲ್ಲ ಕಾಯಿಲೆಗೂ ಅದೇ ಕಾರಣ ಅನ್ನುವುದು ಇನ್ನೊಂದು. ನನ್ನ ಪ್ರಕಾರ ಎರಡೂ ಅವಸರದ ಮಾತು. ಆಕಾಶದಿಂದ ಸುರಿದಾಗ ವಿಷ ಹೋಗುವುದು ಬಾವಿಗೆ, ಅಂಗಳಕ್ಕೆ, ಗರ್ಭಿಣಿಯರಿಗೆ, ಮಕ್ಕಳಿಗೆ. ಅಂದರೆ ಇಡೀ ಊರಿಗೆ. ಮರದ ನೆರಳಿನ ಕೆಳಗೆ ಗಿಡ ಗಿಡಕ್ಕೆ ಬೆನ್ನಿನ ಪಂಪ್‌ನಲ್ಲಿ ಹೊಡೆದಾಗ ಅದರ ದೊಡ್ಡ ಪಾಲು ಸಿಗುವುದು ಪಂಪ್ ಹೊತ್ತವರಿಗೆ. ವಿಷ ಒಂದೇ ಆದರೂ ದಾರಿ ಬೇರೆ. ಊರಿಗೆ ಊರೇ ಕಾಯಿಲೆ ಬಿದ್ದರೆ ಸುದ್ದಿಯಾಗುತ್ತದೆ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಒಬ್ಬರಿಗೆ ರಾತ್ರಿ ತಲೆ ಸುತ್ತಿದರೆ, ಬಿಸಿಲು ತಾಗಿರಬೇಕು ಅಂತ ಮಲಗಿಬಿಡುತ್ತಾರೆ.

ಎಂಡೋಸಲ್ಫಾನ್ ಹೋದ ಮೇಲೆ ತೋಟದಲ್ಲಿ ಕ್ಲೋರ್‌ಪೈರಿಫಾಸ್ ಬಳಕೆ ಜಾಸ್ತಿಯಾಯಿತು. ಬಾಟಲಿ ಬದಲಾಯಿತು, ಬ್ಯಾರೆಲ್ ಅದೇ ಇತ್ತು, ಕೋಲೂ ಅದೇ.

ಈ ಮದ್ದು ಕೆಲಸ ಮಾಡುವ ರೀತಿ ಬೇರೆ. ನಮ್ಮ ನರಗಳು ಒಂದಕ್ಕೊಂದು ಸಂದೇಶ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಬಳಸುತ್ತವೆ. ಸಂದೇಶ ಮುಟ್ಟಿದ ಕೂಡಲೇ ಅದನ್ನು ಒರೆಸಿಹಾಕಲು ಕೋಲಿನೆಸ್ಟರೇಸ್ ಎಂಬ ಕಿಣ್ವ ಇದೆ. ಕ್ಲೋರ್‌ಪೈರಿಫಾಸ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಒರೆಸುವವರು ಇಲ್ಲದೆ ಸಂದೇಶ ನಿಲ್ಲುವುದೇ ಇಲ್ಲ. ಹುಳಕ್ಕೂ ಅಷ್ಟೇ, ಮನುಷ್ಯನಿಗೂ ಅಷ್ಟೇ. ಬೆವರು, ಜೊಲ್ಲು, ವಾಂತಿ, ಹೊಟ್ಟೆ ನುಲಿತ, ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು ಚಿಕ್ಕದಾಗುವುದು. ಜಾಸ್ತಿಯಾದರೆ ಉಸಿರಾಟವೇ ನಿಲ್ಲುತ್ತದೆ. ಬೇಗ ಆಸ್ಪತ್ರೆ ಮುಟ್ಟಿದರೆ ಅಟ್ರೋಪಿನ್ ಕೊಟ್ಟು ಉಳಿಸಬಹುದು.

ಇನ್ನು ಕಪ್‌ನ ವಿಷಯ. 2020ರಲ್ಲಿ ಯುರೋಪ್ ಒಕ್ಕೂಟ ಕ್ಲೋರ್‌ಪೈರಿಫಾಸ್‌ನ ಅನುಮತಿ ನವೀಕರಿಸಲಿಲ್ಲ. ಹೊಟ್ಟೆಯೊಳಗಿನ ಮಗುವಿನ ಮಿದುಳಿನ ಬೆಳವಣಿಗೆಗೆ ತೊಂದರೆ ಆಗಬಹುದು ಅನ್ನುವುದು ಅದಕ್ಕೆ ಒಂದು ಮುಖ್ಯ ಕಾರಣ. ಆಹಾರದಲ್ಲಿ ಇರಬಹುದಾದ ಮಿತಿಯನ್ನೂ ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. ನಮ್ಮ ಕಾಫಿಯ ದೊಡ್ಡ ಪಾಲು ಇಟಲಿ, ಜರ್ಮನಿ ಅಂತ ಆ ಕಡೆಗೇ ಹೋಗುವುದರಿಂದ ಕೊಡಗಿನಲ್ಲಿ ಗಾಬರಿ ಶುರುವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತ್ತು, ಅದರಲ್ಲಿ ಇದರ ಹೆಸರೂ ಇತ್ತು. 2023ರಲ್ಲಿ ಪೂರ್ತಿ ನಿಷೇಧವಾದವುಗಳಲ್ಲಿ ಇದು ಇರಲಿಲ್ಲ. 2025ರಲ್ಲಿ, ವರ್ಷಗಟ್ಟಲೆ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಇದು ಸೇರಿತು, ಕೆಲವು ವಿನಾಯಿತಿಗಳ ಜೊತೆ.

ಈ 0.01 ಅಂದರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ಹತ್ತು ಟನ್ ಹೊರುವ ಹತ್ತು ಲಾರಿ ಕಾಫಿ ಬೀಜದಲ್ಲಿ ಒಟ್ಟು ಒಂದು ಗ್ರಾಂ. ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಕುಡಿದವರು ಸಾಯುತ್ತಾರೆ ಅಂತ ಅಲ್ಲ. ಅದು ಪರೀಕ್ಷೆಯ ಯಂತ್ರ ಖಚಿತವಾಗಿ ಅಳೆಯಬಲ್ಲ ಕನಿಷ್ಠ ಮಟ್ಟಕ್ಕೆ ಹೊಂದಿಸಿದ ಗೆರೆ. ಬೀಜ ಹುರಿಯುವಾಗಲೂ ಇಂಥ ಶೇಷದ ಬಹುಪಾಲು ಹೋಗುತ್ತದೆ. ಹಾಗಾಗಿ ಕಾಫಿ ಕುಡಿಯುವವರು ಕ್ಲೋರ್‌ಪೈರಿಫಾಸ್‌ಗೆ ಹೆದರಿ ಲೋಟ ಕೆಳಗಿಡಬೇಕಾಗಿಲ್ಲ. ಇದನ್ನು ಮಾವನಿಗೂ ಹೇಳಿದೆ.

ಈಗ ಬ್ಯಾರೆಲ್‌ನ ಲೆಕ್ಕ. ಅಂಗಡಿಯಲ್ಲಿ ಸಿಗುವ, '20 ಇಸಿ' ಅಂತ ಬರೆದಿರುವ ಕ್ಲೋರ್‌ಪೈರಿಫಾಸ್ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ ಸುಮಾರು 200 ಮಿಲಿಗ್ರಾಂ ವಿಷ ಇರುತ್ತದೆ. ಮುಚ್ಚಳದಲ್ಲಿ ಅಳೆಯುವಾಗ 5 ಮಿಲಿ ಕೈಮೇಲೆ ಚೆಲ್ಲಿದರೆ ಅಲ್ಲೇ ಒಂದು ಗ್ರಾಂ. ಹತ್ತು ಲಾರಿಯ ಗ್ರಾಂ, ಒಬ್ಬರ ಅಂಗೈಯಲ್ಲಿ. ಚರ್ಮ ಅದೆಲ್ಲವನ್ನೂ ಒಳಗೆ ಬಿಡುವುದಿಲ್ಲ, ಸ್ವಲ್ಪವನ್ನೇ ಬಿಡುತ್ತದೆ. ಆದರೆ ಮೈಯ ಎಲ್ಲ ಕಡೆಯ ಚರ್ಮ ಒಂದೇ ಥರ ಇಲ್ಲ. ತೊಡೆಸಂದಿನ ಚರ್ಮ ಮುಂಗೈಗಿಂತ ಹಲವು ಪಟ್ಟು ಹೀರುತ್ತದೆ. ಸೋರುವ ಪಂಪ್ ಬೆನ್ನ ಮೇಲೆ, ಅದರಿಂದ ಇಳಿದ ನೀರು ಸೊಂಟದಿಂದ ಚಡ್ಡಿಗೆ, ಆ ಒದ್ದೆ ಚಡ್ಡಿಯಲ್ಲೇ ಸಂಜೆವರೆಗೆ ಕೆಲಸ. ಕೈಗವಸು ಹಾಕಿದರೂ ಈ ದಾರಿ ತೆರೆದೇ ಇರುತ್ತದೆ.

ಕಳೆನಾಶಕದ ಗಲಾಟೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. 2015ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲೈಫೋಸೇಟ್ ಬಹುಶಃ ಕ್ಯಾನ್ಸರ್ ತರಬಲ್ಲದು ಅಂದಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆ ಸಾಧ್ಯತೆ ಕಡಿಮೆ ಅಂದಿತು. ಜನ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡರು. ಸಾಕ್ಷ್ಯದ ಬಗ್ಗೆ ಭಿನ್ನಾಭಿಪ್ರಾಯ ನಿಜಕ್ಕೂ ಇದೆ. ಆದರೆ ಪ್ರಶ್ನೆಯೂ ಬೇರೆ ಬೇರೆ. ಮೊದಲಿನವರು ಕೇಳುವುದು ಈ ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಇದೆಯೇ ಅಂತ. ಎರಡನೆಯವರು ಅದರ ಜೊತೆಗೆ ಜನ ನಿಜವಾಗಿ ಒಡ್ಡಿಕೊಳ್ಳುವ ಪ್ರಮಾಣದಲ್ಲಿ ಅಪಾಯ ಆಗುತ್ತದೆಯೇ ಅಂತಲೂ ಕೇಳುತ್ತಾರೆ. ನಾಗರಹಾವಿಗೆ ವಿಷ ಇದೆ ಅನ್ನುವುದು ಒಂದು ಮಾತು, ಅದು ಈಗ ಅಡುಗೆಮನೆಯಲ್ಲಿದೆ ಅನ್ನುವುದು ಇನ್ನೊಂದು. ಇದೇ ಕ್ಯಾನ್ಸರ್ ವಿಭಾಗ 1991ರಲ್ಲಿ ಕಾಫಿಯನ್ನೇ ಶಂಕೆಯ ಪಟ್ಟಿಗೆ ಸೇರಿಸಿತ್ತು, 2016ರಲ್ಲಿ ಹೊರಗೆ ತೆಗೆಯಿತು. ಬದಲಿಗೆ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಸೇರಿಸಿತು. ಕಾಫಿ ಆರಿಸಿ ಕುಡಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಮದ್ದಿಲ್ಲದ ದಾರಿಗಳೂ ಇವೆ, ಅದನ್ನು ಕಲಿಸಿದವರೂ ನಮ್ಮ ಕಡೆಯವರೇ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿ ಬಿಡದೆ ಆರಿಸುವುದು, ಬಲೆ ಕಟ್ಟುವುದು, ಹುಳ ಬಿದ್ದ ಅರೇಬಿಕಾ ಗಿಡ ಹುಡುಕಿ ಕಿತ್ತು ಸುಡುವುದು, ಕಾಂಡದ ಒರಟು ತೊಗಟೆ ಉಜ್ಜುವುದು, ನೆರಳು ಕಾಪಾಡುವುದು. ಎಲ್ಲಕ್ಕೂ ಆಳು ಬೇಕು. ಆಳಿಲ್ಲ ಅನ್ನುವುದು ಬೆಳೆಗಾರರ ನಿಜವಾದ ಕಷ್ಟ, ನೆಪ ಅಲ್ಲ. ಬ್ಯಾರೆಲ್ ಇಷ್ಟು ಸಲೀಸಾಗಿ ತುಂಬುವುದಕ್ಕೆ ಅದೂ ಒಂದು ಕಾರಣ.

ಕಾಯ್ದೆಯಲ್ಲೇ ಇರುವ ಒಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಕೀಟನಾಶಕ ಮುಟ್ಟುವ ಕೆಲಸಗಾರರಿಗೆ ವೈದ್ಯರ ತಪಾಸಣೆ ಆಗಬೇಕು, ಕ್ಲೋರ್‌ಪೈರಿಫಾಸ್ ಥರದ್ದಾದರೆ ರಕ್ತದಲ್ಲಿ ಕೋಲಿನೆಸ್ಟರೇಸ್ ಮಟ್ಟ ನೋಡಬೇಕು ಅಂತ 1971ರ ನಿಯಮಗಳಲ್ಲೇ ಇದೆ. ಆದರೆ ಒಬ್ಬರು ತಮ್ಮದೇ ಸಾಗುವಳಿ ಜಮೀನಿನಲ್ಲಿ ಬಳಸುವ ಕೀಟನಾಶಕಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತಲೂ ಮೂಲ ಕಾಯ್ದೆಯಲ್ಲೇ ಬರೆದಿದೆ. ಈ ಎರಡು ಸಾಲುಗಳ ನಡುವೆ ಸಿಕ್ಕಿಕೊಂಡವರು ತೋಟದಲ್ಲಿ ಪಂಪ್ ಹೊರುವ ಯರವರು, ಕುರುಬರು, ಅಸ್ಸಾಮಿನಿಂದ ಬಂದ ಹುಡುಗರು. ರಫ್ತಾಗುವ ಬೀಜವನ್ನು ಪರೀಕ್ಷೆ ಮಾಡುತ್ತೇವೆ. ಅವರ ರಕ್ತವನ್ನೂ ಮಾಡಬೇಕು. ಮದ್ದು ಹೊಡೆಯುವ ಕಾಲಕ್ಕೆ ಮೊದಲು ಒಮ್ಮೆ, ನಡುವೆ ಒಮ್ಮೆ ನೋಡಿದರೆ ಮಟ್ಟ ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತದೆ. ಇಳಿದಿದ್ದರೆ ಅವರಿಗೆ ಕೆಲವು ವಾರ ಬೇರೆ ಕೆಲಸ ಕೊಟ್ಟರೆ ಸಾಕು, ಮೈ ತಾನೇ ಸುಧಾರಿಸಿಕೊಳ್ಳುತ್ತದೆ.

ಅವತ್ತು ಮಧ್ಯಾಹ್ನ ಕೆರೆಯ ಹತ್ತಿರ ಇಳಿದುಹೋದೆ. ಬ್ಯಾರೆಲ್ ಕಲಸುತ್ತಿದ್ದವರು ಸೋಪು ಹಾಕಿ ಕೈ ತೊಳೆಯುತ್ತಿದ್ದರು. ಹದಿನಾರು ವರ್ಷದಿಂದ ಮದ್ದು ಹೊಡೆಯುತ್ತಿದ್ದಾರಂತೆ. "ಯಾವತ್ತಾದರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ ಅಣ್ಣ?" ಅಂತ ಕೇಳಿದೆ.

"ಒಂದ್ಸಲ ಮಾಡಿದ್ರು ಅಕ್ಕಾ, ಸಕ್ಕರೆ ಕಾಯಿಲೆಗೆ," ಅಂದರು. "ಇದಕ್ಕೂ ರಕ್ತ ನೋಡ್ತಾರಾ?"